ಕೊಲೆಗಾರ ಬದಲಾದ ಪ್ರತಿ

ಪತ್ತೇದಾರಿ ಕಾದಂಬರಿ ಬರೆಯುವ ಲೇಖಕಿಗೆ ಬೆಳಿಗ್ಗೆ ಹತ್ತಕ್ಕೇ ಪಿತ್ತ ನೆತ್ತಿಗೇರಿತ್ತು. ಕೊನೆಯ ಸಲ ಅಲ್ಲಿಷ್ಟು ಇಲ್ಲಿಷ್ಟು ತಿದ್ದಿ, ಮಧ್ಯಾಹ್ನದೊಳಗೆ ಪ್ರಕಾಶಕರಿಗೆ ಕಾದಂಬರಿ ಕಳಿಸಬೇಕು. ಕಂಪ್ಯೂಟರ್ ನೋಡಿದರೆ, ಫೈಲಿಗೆ ಬೀಗ ಬಿದ್ದಿದೆ, ತಿದ್ದಲಾಗದು ಎನ್ನುತ್ತಿದೆ.

"ನನ್ನ ಕಾದಂಬರಿಗೆ ಬೀಗ ಹಾಕಿದ್ದು ಯಾರು?" ಎಂದು ಅಡುಗೆಮನೆಯತ್ತ ಕೂಗಿದಳು.

ಮನೆಯಲ್ಲಿ ಇದ್ದವರೇ ಇಬ್ಬರು. ಗಂಡ ಅರ್ಧ ಹೆಚ್ಚಿದ ಸೌತೆಕಾಯಿ ಹಿಡಿದೇ ಬಂದ. "ಅಯ್ಯೋ, ನಾನ್ಯಾಕೆ ಹಾಕ್ಲಿ? ನನಗೆ ಆ ಡಬ್ಬ ಆನ್ ಮಾಡೋಕೇ ಬರಲ್ಲ."

ಅವಳು ನಂಬಲಿಲ್ಲ. ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ತಂಗಿಗೆ ಫೋನ್ ಮಾಡಿದಳು. ಎರಡು ಬೀದಿ ದಾಟಿ ಬಂದ ತಂಗಿ ಪರದೆ ನೋಡಿ ಕಿಸಕ್ಕೆಂದಳು.

"ಭಾವನ್ನ ಸುಮ್ನೆ ಬಿಟ್ಬಿಡಕ್ಕಾ. ಬೀಗ ಹಾಕಿದ್ದು ಕಂಪ್ಯೂಟರೇ. ಎರಡು ವಾರ ನೀನು ಮುಟ್ಟದೇ ಇದ್ರೆ, ಕೆಲಸ ಮುಗೀತು ಅಂದ್ಕೊಂಡು ಫೈಲಿಗೆ ಬೀಗದ ಗುರುತು ಹಚ್ಚುತ್ತೆ. ಯಾರೂ ಕೈತಪ್ಪಿ ಕೆಡಿಸಬಾರದು ಅಂತ." ಎಲ್ಲೋ ಒತ್ತಿದಳು, ಬೀಗ ಕಳಚಿತು. "ಅಷ್ಟೇ ಅಲ್ಲ, ನೀನು ಸೇವ್ ಮಾಡಿದಾಗೆಲ್ಲ ಹಳೇ ಪ್ರತೀನ ತಾರೀಖು ಸಮೇತ ಎತ್ತಿಟ್ಟಿರುತ್ತೆ. ನೋಡ್ತೀಯಾ?"

"ಬೇಡ!" ಎಂದಳು ಲೇಖಕಿ, ಗಾಬರಿಯಿಂದ.

ತಂಗಿಯ ಬೆರಳು ಆಗಲೇ ಒತ್ತಿಯಾಗಿತ್ತು. ಕೊನೆಯ ಅಧ್ಯಾಯದ ಪ್ರತಿಗಳು ಸಾಲಾಗಿ ನಿಂತವು. ಸದ್ಯದ್ದರಲ್ಲಿ ಕೊಲೆಗಾರ ವೈದ್ಯ. ಅದರ ಹಿಂದಿನದರಲ್ಲಿ ಮನೆ ಮಾಲೀಕ. ಅದಕ್ಕೂ ಹಿಂದಿನದರಲ್ಲಿ ಸತ್ತವಳ ಗಂಡ: ಬೋಳುತಲೆ, ಗೊರಕೆ, ಒದ್ದೆ ಟವೆಲನ್ನು ಹಾಸಿಗೆ ಮೇಲೆ ಎಸೆಯುವ ಚಟ.

ಗಂಡ ಕನ್ನಡಕ ಸರಿಮಾಡಿಕೊಂಡು ಬಗ್ಗಿ ಓದಿದ. "ಇದು ನಾನಲ್ವಾ?"

ಅವಳ ಮುಖ ಹುಳ್ಳಗಾಯಿತು. "ಅವತ್ತು ಜಗಳ ಆಗಿತ್ತಲ್ಲ. ಮಾರನೇ ದಿನ ನನ್ನ ಜ್ವರಕ್ಕೆ ನೀವೇ ಗಂಜಿ ಮಾಡಿಕೊಟ್ರಿ. ಮನಸ್ಸು ತಡೀಲಿಲ್ಲ, ಬದಲಾಯಿಸಿಬಿಟ್ಟೆ."

ಅವನು ಕುರ್ಚಿ ಎಳೆದುಕೊಂಡು ಆ ಪ್ರತಿಯನ್ನೂ ಸದ್ಯದ್ದನ್ನೂ ಪೂರ್ತಿ ಓದಿದ.

"ವೈದ್ಯನಿಗೆ ಕೊಲ್ಲೋಕೆ ಕಾರಣಾನೇ ಇಲ್ಲ ಕಣೆ," ಎಂದ ಕೊನೆಗೆ. "ಇವನು ನೋಡು, ಇಪ್ಪತ್ತು ವರ್ಷದಿಂದ ಮಾತು ನುಂಗ್ಕೊಂಡೇ ಬಂದಿದಾನೆ. ಇವನೇ ಇರಲಿ."

"ನಿಮಗೆ ಬೇಜಾರಿಲ್ವಾ?"

"ಬೋಳು ಅಂತ ಮೂರು ಸಲ ಬರೆದಿದ್ದೀಯ. ಒಂದು ಸಾಕು."

ಅವಳು ಎರಡನ್ನು ಅಳಿಸಿ, ಆ ಪ್ರತಿಯನ್ನೇ ಹನ್ನೆರಡಕ್ಕೆ ಐದು ನಿಮಿಷವಿರುವಾಗ ಕಳಿಸಿದಳು. ಸಂಜೆ ಪ್ರಕಾಶಕರ ಫೋನ್ ಬಂತು; ಅವಳು ಸ್ಪೀಕರಿಗೆ ಹಾಕಿದಳು. "ಕೊನೆ ಅಧ್ಯಾಯ ಓದಿದೆ ಮೇಡಂ. ಆ ಗಂಡನ ಪಾತ್ರ ಇದೆಯಲ್ಲ, ಕಣ್ಣಿಗೆ ಕಟ್ಟಿದ ಹಾಗಿದೆ. ಎಲ್ಲಿ ಸಿಕ್ಕ ನಿಮಗೆ?"

ಅವಳು ಬಾಯಿ ತೆರೆಯುವ ಮೊದಲೇ ಗಂಡ ಫೋನಿನತ್ತ ಬಾಗಿದ.

"ನಮಸ್ಕಾರ ಸಾರ್," ಎಂದ ಎದೆಯುಬ್ಬಿಸಿ, "ನಾನೇ ಕೊಲೆಗಾರ."