ನೀರುನಾಯಿ ನೋಡಲು ಹೋದ ಬೆಳಿಗ್ಗೆ

ನಾಹಿದಾ ಸಿಂಧನೂರಿನ ಒಂದು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತಿದ್ದಳು. ರಜೆಗೆ ಮುಕ್ಕುಂದದ ಗಂಡನ ಮನೆಗೆ ಬಂದಾಗ, ಹೊಳೆಯಲ್ಲಿ ನೀರುನಾಯಿಗಳನ್ನು ಕಂಡೆನೆಂದು ಮೀನು ಹಿಡಿಯುವ ಲಾಲಪ್ಪ ಹೇಳಿದ್ದೇ ತಡ, ಜಲವರ್ಣದ ಡಬ್ಬಿ, ಕುಂಚ, ದಪ್ಪ ಕಾಗದ ಹಿಡಿದು ಹೊರಟುಬಿಟ್ಟಳು. ಎರಡು ದಿನ ಒಂದೂ ಕಾಣಲಿಲ್ಲ.

ಮೂರನೇ ದಿನ ಅತ್ತೆ ರಹೀಮಾಬೀಯೂ ಕೌದಿ ಹೊತ್ತು ಜೊತೆಗೆ ಬಂದರು.

"ಮನ್ಯಾಗ ನಳ ಐತಲ್ಲ, ಅಮ್ಮೀ?" ನಾಹಿದಾ ಕೂಗಿ ಕೇಳಿದಳು. ಅತ್ತೆಗೆ ಕಿವಿ ಮಂದ.

"ಕೌದಿ ನಳದಾಗ ಒಗಿಯಾಕ ಆಗತೈತೇನ? ನೀ ನಿನ್ನ ಬಣ್ಣ ನೋಡ್ಕೋ."

ರಹೀಮಾಬೀ ಮೊಣಕಾಲುದ್ದ ನೀರಿಗಿಳಿದರು. ನಾಹಿದಾ ದಂಡೆಯ ಎತ್ತರದ ಬಂಡೆ ಏರಿ ಕೂತಳು. ಕೌದಿ ಒಗೆಯುವ ಈ ಸಪ್ಪಳಕ್ಕೆ ನೀರುನಾಯಿಗಳು ಇವತ್ತೂ ಬರುವುದಿಲ್ಲ ಎಂದುಕೊಂಡಳು. ಆದರೆ ಬಂದವು. ಆಚೆ ದಂಡೆಯ ಹತ್ತಿರ ನಾಲ್ಕು ತಲೆಗಳು, ಒಂದರ ಬಾಯಲ್ಲಿ ಮೀನು. ಅವಳು ಉಸಿರು ಬಿಗಿಹಿಡಿದು ಒದ್ದೆ ಕಾಗದದ ಮೇಲೆ ಬೂದುಬಣ್ಣ ಹರಿಸಿದಳು. ನಾಲ್ಕು ತಲೆ, ನಡುವೆ ನೀರಿನಿಂದ ಎದ್ದ ಮೂರು ಕಲ್ಲು.

ಒಮ್ಮೆಲೇ ನೀರುನಾಯಿಗಳು ಚೀರಿ ಮುಳುಗಿಬಿಟ್ಟವು.

ಕಲ್ಲುಗಳನ್ನಾದರೂ ಮುಗಿಸೋಣವೆಂದು ಅವಳು ತಲೆ ಎತ್ತಿದಳು. ಹೊಳೆಯಲ್ಲಿ ಎರಡೇ ಕಲ್ಲಿದ್ದವು. ಮೂರನೆಯದು ಈಚೆ ಬಂದಿತ್ತು. ಅದರ ಹಿಂದೆ ನೀರು ಸಣ್ಣಗೆ ಸೀಳಿತ್ತು. ಮುಂದೆ ರಹೀಮಾಬೀಯ ಬಗ್ಗಿದ ಬೆನ್ನು.

"ಅಮ್ಮೀ!" ಎಂದು ಕೂಗಿದಳು. ಮತ್ತೆ ಕೂಗಿದಳು. ಅತ್ತೆಗೆ ಕೇಳಿಸಲಿಲ್ಲ.

ಬಂಡೆಯಿಂದ ಜಾರುತ್ತ ಓಡಿದವಳು ನೀರಿನ ಅಂಚಿಗೆ ಬಂದು ನಿಂತುಬಿಟ್ಟಳು. ಕಲ್ಲೆಂದುಕೊಂಡಿದ್ದ ಆ ಕಪ್ಪು ತಲೆ ಈಗ ಎಲ್ಲೂ ಕಾಣುತ್ತಿರಲಿಲ್ಲ. ಕಂಡಿದ್ದರೆ ಇಷ್ಟು ಹೆದರುತ್ತಿರಲಿಲ್ಲವೇನೋ. ಎಷ್ಟು ಹೊತ್ತು ಹಾಗೆ ನಿಂತಳೋ, ಆಮೇಲೆ ಕಣ್ಣು ಮುಚ್ಚಿ ನೀರಿಗೆ ಇಳಿದಳು. ಅತ್ತೆಯ ತೋಳು ಸಿಕ್ಕಿತು. ಎಳೆದಳು.

"ಹುಚ್ಚ ಹಿಡದೈತೇನ್ ಬೇ? ನನ್ನ ಕೌದಿ!" ಎಂದು ರಹೀಮಾಬೀ ಕೊಸರಿಕೊಂಡು ಕೈ ಚಾಚಿದರು.

ಆ ಕೈಗೂ ಕೌದಿಗೂ ನಡುವೆ ನೀರು ಒಡೆಯಿತು. ಬಾಯಿ, ಹಲ್ಲು, ರಾಡಿ. ಇಬ್ಬರೂ ಹಿಂದಕ್ಕೆ ಮರಳ ಮೇಲೆ ಬಿದ್ದರು. ಮೊಸಳೆ ಕೌದಿಯನ್ನು ಎರಡು ಸಲ ಝಾಡಿಸಿ ಒಳಗೆಳೆದುಕೊಂಡು ಹೋಯಿತು.

ಚೀರಾಟ ಕೇಳಿ ಓಡಿಬಂದ ಲಾಲಪ್ಪ ಇಬ್ಬರನ್ನೂ ಮನೆ ಮುಟ್ಟಿಸಿದ. ಸಂಜೆಯೊಳಗೆ ಹೊಳೆಗೆ ಯಾರೂ ಇಳಿಯಬಾರದೆಂದು ಊರಲ್ಲಿ ಸಾರಿದರು. ಬಂದವರಿಗೆಲ್ಲ ರಹೀಮಾಬೀ ನಗುನಗುತ್ತ, "ಕೌದಿ ಹೊದ್ದು ಮಲಗಾಕ ಹೋಗೈತಿ ಅದು" ಎಂದು ಹೇಳಿದರು.

ನಾಲ್ಕು ದಿನ ನಾಹಿದಾ ಕುಂಚ ಮುಟ್ಟಲಿಲ್ಲ. ಐದನೇ ದಿನ ರಹೀಮಾಬೀ ತಾವೇ ಒಂದು ಲೋಟ ನೀರು ತಂದು ಅವಳ ಮುಂದಿಟ್ಟು, ಪಕ್ಕದಲ್ಲಿ ಕೂತರು.

"ಬರಿ. ನಾ ಇಲ್ಲೇ ಕುಂತೀನಿ."

ನಾಹಿದಾ ಲೋಟದೊಳಗೆ ನೋಡಿದಳು. ತಳ ಕಾಣುತ್ತಿತ್ತು. ಆದರೂ ಕೈ ಹಿಂದೆ ಬಂತು.

"ನೀರಾಗ ಇಳಿಯೂಕಿಂತ ಮೊದಲ ನಾ ನಿಂತಬಿಟ್ಟಿದ್ದೆ, ಅಮ್ಮೀ. ಅಂಜಿ ನಿಂತಬಿಟ್ಟಿದ್ದೆ."

ಎರಡು ಸಲ ಹೇಳಬೇಕಾಯಿತು. ಕೇಳಿಸಿದ ಮೇಲೆ ರಹೀಮಾಬೀ ಅವಳ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡರು.

"ನನಗ ಈಗೂ ಅಂಜಿಕಿ ಹೋಗಿಲ್ಲ ಬೇಟಿ. ಬಚ್ಚಲಕ್ಕ ಹೋದ್ರೂ ಬಾಗಿಲಾ ತಗದ ಇಡತೀನಿ."