ಬಾಗಿಲಿಗೆ ಬಂದವನಿಗೆ ಒಂದು ಚೂರು ರೊಟ್ಟಿ

ಬೆಳಗಿನ ಚಹಾದ ಹೊತ್ತಿಗೆ ಸರಿಯಾಗಿ ಕಂಪ್ಯೂಟರು ಟಿಣ್ ಎಂದಿತು. ಪರದೆಯ ಮೂಲೆಯಲ್ಲಿ ನೀಲಿ ಚೌಕವೊಂದು ಎದ್ದು ಬಂತು: ಹೊಸ ಆವೃತ್ತಿ ಸಿದ್ಧವಾಗಿದೆ, ಈಗಲೇ ಹಾಕೋಣವೇ? ಜಿಪಾರ್ ಕೈ ಒರೆಸಿಕೊಂಡು ಹೋಗಿ ‘ಆಮೇಲೆ’ ಒತ್ತಿ ಬಂದಳು. ಹನ್ನೊಂದು ತಿಂಗಳಿಂದ ಇದೇ ಪಾಡು.

“ಪಾಪ, ಇವತ್ತೂ ಕಳಿಸ್ಬಿಟ್ಯಾ?” ಎಂದಳು ಅತ್ತೆ ಕಾಲಿಪಾ. “ಈ ಮನೆ ಹೊಸ್ತಿಲಿಗೆ ಬಂದವ್ರು ರೊಟ್ಟಿ ಮುಟ್ಟದೆ ವಾಪಸ್ ಹೋಗಿಲ್ಲ ಕಣೇ. ದಿನಾ ಬಂದು ಕೇಳ್ತಾನೆ, ದಿನಾ ಆಮೇಲೆ ಬಾ ಅಂತೀಯ.”

“ಅದು ಯಂತ್ರ, ಅಪಾ” ಎಂದಳು ಜಿಪಾರ್. ಅತ್ತೆಯನ್ನು ಅವಳು ಅಮ್ಮ ಎನ್ನುವ ಹಾಗೆ ‘ಅಪಾ’ ಎಂದೇ ಕರೆಯುತ್ತಿದ್ದಳು.

“ಯಂತ್ರ ಆದ್ರೇನು? ಕೇಳೋ ನಯ ನೋಡು. ನನ್ನ ಮಗ ಇಪ್ಪತ್ತು ವರ್ಷದಲ್ಲಿ ಒಂದಿನ ಆದ್ರೂ ನಿನ್ನ ಹೀಗೆ ಕೇಳಿದಾನಾ?”

ಜಿಪಾರ್ ನಕ್ಕು ಅತ್ತೆಯ ಬಟ್ಟಲಿಗೆ ಎರಡು ಗುಟುಕು ಚಹಾ ಹಾಕಿದಳು. ‘ಆಮೇಲೆ’ ಒತ್ತುವ ಕಾರಣ ಹೇಳುವಂತಿರಲಿಲ್ಲ.

ನಾರಿನ್ ಪೇಟೆಯಲ್ಲಿ ಕಾಲಿಪಾಳ ಶಿರ್ದಾಕ್ ಎಂಬ ಚಿತ್ತಾರದ ಉಣ್ಣೆ ಹಾಸುಗಳಿಗೆ ದೊಡ್ಡ ಹೆಸರಿತ್ತು. ಅಳತೆಯಿಲ್ಲ, ಅಚ್ಚಿಲ್ಲ, ಸೀಮೆಸುಣ್ಣ ಹಿಡಿದು ಕೂತರೆ ಉಣ್ಣೆಯ ಮೇಲೆ ಟಗರಿನ ಕೊಂಬು ತಾನಾಗಿ ಸುರುಳಿ ಬಿಚ್ಚುತ್ತಿತ್ತು. ಅವಳು ಎಳೆದ ಗೆರೆಗಳನ್ನೆಲ್ಲ ಜಿಪಾರ್ ಈ ಕಂಪ್ಯೂಟರಿನ ಹಳೆಯ ತಂತ್ರಾಂಶವೊಂದರಲ್ಲಿ ಕೂಡಿಟ್ಟಿದ್ದಳು. ಹೊಸದನ್ನು ಹಾಕಿದರೆ ಹಳೆಯದು ತೆರೆಯುವುದಿಲ್ಲ, ಬೇರೆ ಯಾವುದರಲ್ಲೂ ಇವು ಕಾಣುವುದಿಲ್ಲ ಎಂದು ರಿಪೇರಿಯವನು ಎಚ್ಚರಿಸಿದ್ದ. ಮತ್ತೆ ಬರೆಸಿಕೊಳ್ಳೋಣವೆಂದರೆ ಎರಡು ವರ್ಷದಿಂದ ಅತ್ತೆಯ ಬಲಗೈ ನಡುಗುತ್ತಿತ್ತು. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತಿರಲಿಲ್ಲ.

ಮಧ್ಯಾಹ್ನ ಅಂಗಳದಲ್ಲಿ ಉಣ್ಣೆಗೆ ಬಿಸಿನೀರು ಹಾಕುತ್ತಿದ್ದಾಗ ಒಳಗಿಂದ ಮತ್ತೆ ಟಿಣ್ ಸದ್ದು ಕೇಳಿತು. ಹಿಂದೆಯೇ ಕುರ್ಚಿ ಎಳೆದ ಸದ್ದು. ಜಿಪಾರ್ ಒದ್ದೆ ಕೈಯಲ್ಲೇ ಓಡಿದಳು.

ಕಾಲಿಪಾ ಕನ್ನಡಕ ಏರಿಸಿಕೊಂಡು ಕಂಪ್ಯೂಟರಿನ ಮುಂದೆ ಕೂತಿದ್ದಳು. ಬಲಗೈ ಮೌಸಿನ ಮೇಲಿತ್ತು. ಬಾಣದ ಗುರುತು ‘ಈಗಲೇ’ ಎಂಬುದರ ಸುತ್ತ ನೊಣದ ಹಾಗೆ ಸುತ್ತುತ್ತಿತ್ತೇ ಹೊರತು ಅದರ ಮೇಲೆ ಕೂರುತ್ತಿರಲಿಲ್ಲ.

“ಒಳಗೆ ಬಾ ಅನ್ನೋಣ ಅಂದ್ರೆ ಇದು ನಿಲ್ಲೋದೇ ಇಲ್ವಲ್ಲೇ” ಎಂದಳು.

ಜಿಪಾರ್ ಆ ಕೈಯ ಮೇಲೆ ತನ್ನ ಕೈಯಿಟ್ಟು ಮೆಲ್ಲಗೆ ಎತ್ತಿಕೊಂಡಳು. “ಬೇಡ ಅಪಾ. ಅವನು ಒಳಗೆ ಬಂದ್ರೆ ನಿಮ್ಮ ಗೆರೆಗಳೆಲ್ಲ ಹೋಗ್ಬಿಡ್ತವೆ.”

“ಹೋದ್ರೆ ಇನ್ನೊಂದ್ಸಲ…” ಎಂದವಳು ಅಲ್ಲಿಗೇ ನಿಲ್ಲಿಸಿದಳು. ಸೊಸೆಯತ್ತ ತಿರುಗಿದಳು. “ಅದಕ್ಕೇನಾ ಇಷ್ಟು ದಿನ ಹೇಳ್ದೇ ಇದ್ದಿದ್ದು?”

ಜಿಪಾರ್ ತಲೆ ತಗ್ಗಿಸಿದಳು.

“ನಡುಗೋದು ನನ್ನ ಕೈ ಕಣೇ ಹುಚ್ಚಿ, ನನಗೆ ಗೊತ್ತಿರಲ್ವಾ? ನೀನು ನನ್ನ ಬಟ್ಟಲಿಗೆ ಹಾಕೋ ಚಹಾ ದಿನದಿಂದ ದಿನಕ್ಕೆ ಕಡಿಮೆ ಆಗ್ತಾ ಬಂತು. ಅರ್ಧ, ಆಮೇಲೆ ಕಾಲು, ಈಗ ಎರಡು ಗುಟುಕು. ನಮ್ಮಲ್ಲಿ ಬಟ್ಟಲಿಗೆ ಕಡಿಮೆ ಹಾಕಿದಷ್ಟೂ ಮರ್ಯಾದೆ ಹೆಚ್ಚಲ್ವಾ, ನಿನ್ನ ಸೊಸೆ ಎಷ್ಟು ಗೌರವ ಕೊಡ್ತಾಳೆ ಅಂತ ಪಕ್ಕದ ಮನೆಯವಳು ಹೊಟ್ಟೆ ಉರ್ಕೊಂಡ್ಳು. ಚೆಲ್ಲದೆ ಇರ್ಲಿ ಅಂತ ನೀನು ಹಾಗೆ ಮಾಡಿದ್ದು ನನಗೊಬ್ಬಳಿಗೇ ಗೊತ್ತಿತ್ತು.”

ಜಿಪಾರ್ ಕುರ್ಚಿಯ ಪಕ್ಕದಲ್ಲೇ ಕೂತಳು. ಕೈ ಕೈಯೊಳಗೇ ಇತ್ತು.

“ಸರಿ, ಇನ್ನು ಬರ್ಬೇಡ ಅಂತ ಹೇಳ್ಬಿಡು ಅವನಿಗೆ. ದಿನಾ ಆಮೇಲೆ ಅಂತ ಆಸೆ ಹುಟ್ಟಿಸೋದಕ್ಕಿಂತ ಅದೇ ಮೇಲು. ಆದ್ರೆ ತಡಿ, ಬರೀ ಬಾಯಲ್ಲಿ ಕಳಿಸ್ಬೇಡ.”

ಕಾಲಿಪಾ ತಾನೇ ಎದ್ದು ಹೋಗಿ ರೊಟ್ಟಿ ತಂದಳು. ಜಿಪಾರ್ ರಿಪೇರಿಯವನಿಗೆ ಫೋನು ಮಾಡಿ, ಅವನು ಹೇಳಿದಂತೆ ಒಂದೊಂದೇ ಬಾಗಿಲು ತೆರೆದು ಒಳಗಿಳಿದು, ‘ನೆನಪಿಸಬೇಡ’ ಎಂಬ ಗುಂಡಿಯನ್ನು ಹುಡುಕಿದಳು. ಕಾಲಿಪಾ ಒಂದು ಚೂರು ಮುರಿದು, ನೀಲಿ ಚೌಕಕ್ಕೆ ಮುಟ್ಟಿಸಿ, “ಬೇಜಾರು ಮಾಡ್ಕೋಬೇಡಪ್ಪಾ” ಎಂದು ತಾನೇ ಬಾಯಿಗೆ ಹಾಕಿಕೊಂಡಳು. ಜಿಪಾರ್ ಗುಂಡಿ ಒತ್ತಿದಳು.

ಮರುದಿನ ಚಹಾದ ಹೊತ್ತಿಗೆ ಟಿಣ್ ಎನ್ನಲಿಲ್ಲ. ಕಾಲಿಪಾ ಒಮ್ಮೆ ಪರದೆಯ ಕಡೆ ನೋಡಿ, ಬಟ್ಟಲನ್ನು ಸೊಸೆಯತ್ತ ಸರಿಸಿದಳು.

“ಇವತ್ತು ತುಂಬಾ ಹಾಕು.”

“ತುಂಬಿ ಕೊಟ್ರೆ ಎದ್ದು ಹೋಗಿ ಅಂದ ಹಾಗಾಗುತ್ತೆ, ಅಪಾ.”

“ನಾನೆಲ್ಲಿಗೆ ಹೋಗ್ಲಿ? ಹಾಕು. ಚೆಲ್ಲಿದ್ರೆ ನೀನಿದ್ದೀಯಲ್ಲ, ಒರೆಸು.”

ಜಿಪಾರ್ ಅಂಚಿನವರೆಗೂ ಹಾಕಿದಳು.