ಭಾವ ತಟ್ಟಿ ನೋಡಿದ ಪೆಟ್ಟಿಗೆ

ನಮ್ಮ ಭಾವನವರು ಬಾಗಿಲನ್ನು ಹೊರಗಿನಿಂದ ತಟ್ಟುವುದಷ್ಟೇ ಅಲ್ಲ, ಒಳಗೆ ಬಂದ ಮೇಲೂ ತಟ್ಟುತ್ತಾರೆ. ಮೇಜು, ಬೀರು, ಕಿಟಕಿಯ ಚೌಕಟ್ಟು, ಒಮ್ಮೆ ವೈದ್ಯರ ಕೋಣೆಯಲ್ಲಿ ಪಕ್ಕದಲ್ಲಿ ಕೂತಿದ್ದವರ ಊರುಗೋಲು, ಹೀಗೆ ಮರವೆಂಬುದು ಯಾವ ರೂಪದಲ್ಲಿ ಎದುರಾದರೂ ಬಲಗೈ ನಡುಬೆರಳಿನ ಗೆಣ್ಣಿನಿಂದ ಎರಡು ಸಲ ಟಕಟಕ ಎನಿಸಿ, ತಲೆಯನ್ನು ಎಡಕ್ಕೆ ವಾಲಿಸಿ, ಒಳಗಿನಿಂದ ಯಾರೋ ಓಗೊಡುತ್ತಾರೆಂಬಂತೆ ಕಾಯುತ್ತಾರೆ. ನಾವೇನಾದರೂ ಬಾಯಿ ಹಾಕಿದರೆ, “ತಡಿ, ಅದೇ ಹೇಳುತ್ತೆ” ಎನ್ನುತ್ತಾರೆ. ಅಕ್ಕನ ಮದುವೆಯಾದ ಇಪ್ಪತ್ತಾರು ವರ್ಷಗಳಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ. ಈಚಿನ ಎರಡು ವರ್ಷಗಳಲ್ಲಂತೂ ಕೇಳಿದಾಗಲೆಲ್ಲ ನನ್ನ ಮೈ ಉರಿದಿದೆ.

ಉರಿಯ ಮೂಲವನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ. ನಾನು ಹದಿನೆಂಟು ವರ್ಷಗಳಿಂದ ನಮ್ಮ ಹವ್ಯಾಸಿ ವಾದ್ಯವೃಂದದಲ್ಲಿ ಬಾಸ್ ನುಡಿಸುವವನು. ಬಾಸ್ ಎಂದರೆ ಪಿಟೀಲಿನ ದೊಡ್ಡಣ್ಣ. ಆಳೆತ್ತರದ, ನಿಂತು ತಬ್ಬಿಕೊಂಡೇ ನುಡಿಸಬೇಕಾದ, ಎಲ್ಲರ ಹಿಂದೆ ಗೋಡೆಯ ಪಕ್ಕ ಜಾಗ ಸಿಗುವ ಮಂದ್ರಸ್ವರದ ವಾದ್ಯ. ವರ್ಷಕ್ಕೊಂದು ಕಚೇರಿ, ಅದರಲ್ಲಿ ಒಂದೇ ಒಂದು ಕಡೆ ಉಳಿದವರೆಲ್ಲ ಕಮಾನು ಇಳಿಸಿ ಸುಮ್ಮನಾಗುತ್ತಾರೆ, ಬಾಸ್ ಒಂಟಿಯಾಗಿ ಎರಡು ನಿಮಿಷ ನುಡಿಯುತ್ತದೆ. ಆ ಎರಡು ನಿಮಿಷ ನನ್ನದಾಗಿತ್ತು. ವರ್ಷವಿಡೀ ನಾನು ತಲೆಯೆತ್ತಿ ಓಡಾಡುತ್ತಿದ್ದುದೇ ಅದರ ಬಲದ ಮೇಲೆ.

ಭಾವನವರಿಗೂ ಸಂಗೀತಕ್ಕೂ ದೂರದ ನಂಟೂ ಇರಲಿಲ್ಲ. ಸಾಮಾನು ಸಾಗಿಸುವ ಮರದ ಪೆಟ್ಟಿಗೆ ತಯಾರಿಸುವ ಕಾರ್ಖಾನೆಯಲ್ಲಿ ಅವರು ಮೇಸ್ತ್ರಿ. ಎಡಹೆಗಲು ಬಲಕ್ಕಿಂತ ಎರಡು ಬೆರಳು ಕೆಳಗೆ. ಬರಿಗೈಯಲ್ಲಿ ನಡೆದರೂ ಹಲಗೆ ಹೊತ್ತವರ ನಡಿಗೆ. ಮೈಮೇಲೆ ಸದಾ ಕಾರ್ಖಾನೆಯ ಕಂದು ಕೋಟು, ಅದರ ಜೇಬುಗಳಲ್ಲಿ ಬಟ್ಟೆ ಒಣಹಾಕುವ ಮರದ ಕ್ಲಿಪ್ಪುಗಳು, ಪೆನ್ಸಿಲ್ ತುಂಡು, ಅರ್ಧ ತಿಂದ ಬಿಸ್ಕತ್ತು. ಗುರುವಾರ ಸಂಜೆ ನಮ್ಮ ಅಭ್ಯಾಸಕ್ಕೆ ಬಂದು ಹಿಂದಿನ ಬೆಂಚಿನಲ್ಲಿ ಕಣ್ಣು ಅರೆಮುಚ್ಚಿ ಕೂರುತ್ತಿದ್ದರು. ತೂಕಡಿಸೋಕೆ ನಮ್ಮ ಭಾವನಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಕ್ಕಿಲ್ಲ ಎಂದು ನಾನು ಎಲ್ಲರೆದುರು ನಗುತ್ತಿದ್ದೆ.

ಮುಚ್ಚಿಹೋದ ನೃತ್ಯಶಾಲೆಯೊಂದರಿಂದ ವೃಂದಕ್ಕೆಂದು ಕುರ್ಚಿಗಳನ್ನು ಹೊತ್ತು ತರಲು ನಾವಿಬ್ಬರೂ ಹೋದಾಗ ಹಿಂದಿನ ಕೋಣೆಯಲ್ಲಿ ಒಂದು ಹಳೆಯ ಪುಟ್ಟ ಬಾಸ್ ಬಿದ್ದಿತ್ತು. ಮೊದಲು ಕಂಡವನು ನಾನು. ಇದನ್ನು ಮಾತ್ರ ಯಾರೂ ಮರೆಯಕೂಡದು. ಎತ್ತರ ಭಾವನವರ ಗದ್ದದವರೆಗಷ್ಟೇ, ಕುತ್ತಿಗೆ ಕಳಚಿತ್ತು, ಬೆನ್ನು ಉದ್ದಕ್ಕೆ ಸೀಳಿತ್ತು, ಸಾಲದ್ದಕ್ಕೆ ಯಾವನೋ ಪುಣ್ಯಾತ್ಮ ಕಿಟಕಿಗೆ ಬಳಿಯುವ ಹಸಿರು ಬಣ್ಣವನ್ನು ಅದಕ್ಕೆ ಬಳಿದಿದ್ದ. “ಸೌದೆ,” ಎಂದೆ. ಭಾವ ತಟ್ಟಿದರು, ತಲೆ ವಾಲಿಸಿದರು.

“ಇದೂ ಒಂದು ಪೆಟ್ಟಿಗೇನೇ ಅಲ್ವೇನೋ? ತಡಿ, ಅದೇ ಹೇಳುತ್ತೆ.”

ಹದಿನಾಲ್ಕು ತಿಂಗಳು ಅದಕ್ಕೆ ಶುಶ್ರೂಷೆ ನಡೆಯಿತು. ಒಡೆದ ಗಾಜಿನ ಅಂಚಿನಿಂದ ಹಸಿರನ್ನು ಗೇಣು ಗೇಣಾಗಿ ಕೆರೆದರು. ಸೀಳನ್ನು ಕೂಡಿಸಿ, ಸೈಕಲ್ ಟ್ಯೂಬಿನ ಪಟ್ಟಿಗಳಿಂದ ಗಾಯಕ್ಕೆ ಕಟ್ಟಿದಂತೆ ಬಿಗಿದರು. ಅಂಚುಗಳಿಗೆ ಬಟ್ಟೆಯ ಕ್ಲಿಪ್ಪು ಸಿಕ್ಕಿಸಿದರು. ಮರ ಅಂಟಿಸುವ ಸರೇಸು ಕಾಯಿಸಲು ಒಂದು ಒಲೆಯೇ ಮೀಸಲಾಯಿತು. “ಸಾರಿಗೂ ಸರೇಸಿಗೂ ವಾಸನೇಲಿ ವ್ಯತ್ಯಾಸ ಉಳಿದಿಲ್ಲ ಕಣೋ,” ಎಂದು ಅಕ್ಕ ಗೊಣಗುತ್ತಿದ್ದಳು. ನಾನು ವಾರಕ್ಕೊಮ್ಮೆ ಹೋಗಿ ಮೂಗು ಮುರಿದು ಬರುತ್ತಿದ್ದೆ.

ಆಮೇಲೆ ಕೆಲವು ತಿಂಗಳು ಕಳೆದು ಒಂದು ಗುರುವಾರ ಅವರು ಅದನ್ನು ಹೊತ್ತು ತಂದು, ಯಾರೂ ಕೇಳದಿದ್ದರೂ ಮೂಲೆಯಲ್ಲಿ ನಿಂತು, ನನ್ನ ಎರಡು ನಿಮಿಷಗಳನ್ನು ನುಡಿಸಿದರು. ಅಯ್ಯೋ, ಹೇಗೆ ಹೇಳಲಿ! ಆ ಗಿಡ್ಡ ದೇಹದಿಂದ ಹೊರಟ ನಾದ ನೆಲದಿಂದಲೇ ಎದ್ದು ಪಾದಕ್ಕೆ ತಾಗುವಂತಿತ್ತು. ಬೆರಳಿಡುವ ರೀತಿ, ಕಮಾನೆಳೆಯುವ ರೀತಿ, ಎಲ್ಲ ನನ್ನದೇ. ನನ್ನ ತಪ್ಪುಗಳು ಮಾತ್ರ ಇರಲಿಲ್ಲ. ಹಿಂದಿನ ಬೆಂಚಿನಲ್ಲಿ ಮಹಾರಾಯರು ತೂಕಡಿಸುತ್ತಿರಲಿಲ್ಲವೆಂಬುದು ಆಗ ತಿಳಿಯಿತು. ವೃಂದವನ್ನು ನಡೆಸುವ ಹಿರಿಯ ಪಿಟೀಲಮ್ಮ ಕನ್ನಡಕ ಒರೆಸಿಕೊಂಡು ನನ್ನ ಬಳಿ ಬಂದರು. “ಈ ಸಲ ಆ ಭಾಗ ಅವರೇ ನುಡಿಸಲಿ. ಬೇಜಾರು ಮಾಡ್ಕೋಬೇಡಿ.” ಛೇ, ಬೇಜಾರೇನು ಬಂತು, ಎಂದು ಹಲ್ಲು ಕಿರಿದೆ.

ಕಚೇರಿಯ ಹಿಂದಿನ ದಿನ ಮಧ್ಯಾಹ್ನ ಅವರ ಮನೆಗೆ ಹೋದೆ. ಅಕ್ಕ ಹೊರಗೆ ಹೋಗಿದ್ದಳು, ಭಾವ ಸ್ನಾನಕ್ಕಿಳಿದಿದ್ದರು. ಬಾಸ್ ಗೋಡೆಗೊರಗಿತ್ತು. ಸೊಗಸೆಲ್ಲ ಪೆಟ್ಟಿಗೆಯದು, ಕೈಯದಲ್ಲ ಎಂದು ನನಗೆ ನಾನೇ ಸಾಬೀತುಮಾಡಿಕೊಳ್ಳಬೇಕಿತ್ತು. ತಬ್ಬಿಕೊಂಡು ನುಡಿಸಿದೆ. ನನ್ನ ಕೈಯಲ್ಲಿ ಅದು ಬರೀ ಪೆಟ್ಟಿಗೆಯಂತೆ ಬೊಗಳಿತು. ಹಾಗಾದರೆ ಗುಟ್ಟು ತಂತಿಯಲ್ಲಿರಬೇಕೆಂದು, ಬಿಚ್ಚಿ ನೋಡುವ ಆತುರದಲ್ಲಿ, ನಾಲ್ಕನ್ನೂ ಒಟ್ಟಿಗೆ ಸಡಿಲಿಸಿಬಿಟ್ಟೆ. ಬಾಸಿನ ಹೊಟ್ಟೆಯಲ್ಲಿ ಹೆಬ್ಬೆರಳು ದಪ್ಪದ ಒಂದು ಒಳಗೂಟವಿರುತ್ತದೆ. ಅಂಟಿಲ್ಲ, ಮೊಳೆಯಿಲ್ಲ, ತಂತಿಗಳ ಒತ್ತಡದಿಂದಷ್ಟೇ ನಿಂತಿರುತ್ತದೆ. ನಾದದ ಜೀವವೆಲ್ಲ ಅದರಲ್ಲಿ. ಆದ್ದರಿಂದ ತಂತಿಯನ್ನು ಒಂದೊಂದಾಗಿಯೇ ಬಿಚ್ಚಬೇಕೆಂಬುದು ಈ ವಾದ್ಯದವರ ಮೊದಲ ದಿನದ ಪಾಠ. ಒಳಗೆ ‘ಟೊಕ್’ ಎಂದು ಗೂಟ ಬಿತ್ತು. ಮರೆತು ಮಾಡಿದೆನೆಂದು ಇಂದಿಗೂ ನನಗೆ ನಾನೇ ಹೇಳಿಕೊಳ್ಳುತ್ತೇನೆ, ಅರ್ಧ ನಂಬುತ್ತೇನೆ.

ಭಾವ ತಲೆ ಒರೆಸಿಕೊಳ್ಳುತ್ತ ಬಂದರು.

“ನಾನು ಬಂದಾಗಲೇ ಹೀಗಿತ್ತು,” ಎಂದೆ.

ಅವರು ಗೆಣ್ಣಿನಿಂದ ತಟ್ಟಿದರು, ತಲೆ ವಾಲಿಸಿದರು. “ತಡಿ...” ಎಂದರು. ಆದರೆ ಮಾತನ್ನು ಪೂರ್ತಿ ಮಾಡದೆ, “ಗೂಟ ಸೆಖೆಗೆ ಬಿದ್ದಿರಬೇಕು. ಟಾರ್ಚ್ ಹಿಡಿ,” ಎಂದರು.

ಹಿಡಿದೆ. ವಾದ್ಯದ ಎದೆಯ ಸೀಳುಗಂಡಿಯಿಂದ ಬೆಳಕು ಒಳಗೆ ಬಿತ್ತು. ಬೆನ್ನಿನ ಬಿರುಕಿನುದ್ದಕ್ಕೂ ಪುಟ್ಟ ಪುಟ್ಟ ತೇಪೆಗಳು, ಕಾರ್ಖಾನೆಯ ಪೆಟ್ಟಿಗೆಗಳದೇ ಹಲಗೆ. ಒಂದರ ಮೇಲೆ ಬಾಣದ ಗುರುತು, ಇನ್ನೊಂದರ ಮೇಲೆ ಮಾಸಿದ ಅಚ್ಚಿನಲ್ಲಿ ‘ಜೋಪಾನ’. ಭಾವ ಬಾಗಿದ ಕಂಬಿಯಿಂದ ಗೂಟವನ್ನು ನಿಲ್ಲಿಸಿ, ತಂತಿ ಬಿಗಿದು, ಕಮಾನನ್ನು ನನ್ನ ಕೈಗೆ ಕೊಟ್ಟರು. “ನಿನ್ನ ಕಿವಿ ನನಗಿಂತ ಹದವಾಗಿದೆ. ಎಲ್ಲಿ ನಿಲ್ಲಿಸ್ಲಿ, ನೀನೇ ಹೇಳು.”

“ಇನ್ನೂ ಒಳಗೆ ತಳ್ಳಿ,” ಎಂದೆ. ನಾದ ಕಂಬಳಿ ಹೊದ್ದಂತೆ ಮುದುಡಿತು. “ಇಲ್ಲೇ ಸರಿ,” ಎಂದೆ. ಇದರಲ್ಲಿ ಮರೆವಿನ ಮಾತೇ ಇಲ್ಲ, ಬೇಕೆಂದೇ ಹೇಳಿದೆ. ಅವರು ಕಂಬಿಯನ್ನು ಜೇಬಿಗಿಳಿಸಿದರು. “ನೀನು ಹೇಳಿದ್ಮೇಲೆ ಮುಗೀತು. ನಾಳೆ ಹೀಗೇ ನುಡಿಸ್ತೀನಿ.”

ಅವರು ಬಯ್ದಿದ್ದರೆ ನಾನು ಗೆದ್ದು ಮನೆಗೆ ಹೋಗುತ್ತಿದ್ದೆ. ಬಾಗಿಲವರೆಗೂ ಹೋದೆ. “ತಡೀರಿ ಭಾವ,” ಎಂದು ತಿರುಗಿ ಬಂದೆ. “ಒಂದು ಕೂದಲೆಳೆ ಈಚೆ. ಇನ್ನೊಂಚೂರು. ಹಾಂ.” ಮತ್ತೆ ಕಮಾನೆಳೆದೆ. ಮೊದಲಿಗಿಂತ ಚೆನ್ನಾಗಿ ನುಡಿಯಿತು, ದರಿದ್ರದ್ದು!

ಮರುದಿನ ಅವರು ಅದೇ ಕಂದು ಕೋಟಿನಲ್ಲಿ ನಿಂತು ಎರಡು ನಿಮಿಷ ನುಡಿಸಿದರು. ಸಭೆ ಉಸಿರು ಬಿಗಿಹಿಡಿದು ಕೇಳಿತು. ಹೊಗಳಲು ಬಂದವರಿಗೆಲ್ಲ, “ಒಳಗೂಟಕ್ಕೆ ಜಾಗ ತೋರಿಸಿದ್ದು ನಮ್ಮ ಭಾವಮೈದ,” ಎಂದು ನನ್ನನ್ನು ಮುಂದೆ ತಳ್ಳಿದರು. ಭೂಮಿ ಬಾಯ್ಬಿಡಬಾರದೇ ಎನಿಸಿತು.

ಜಗತ್ತಿನಲ್ಲಿ ಇಂಥದೊಂದು ಜಾತಿಯ ಜನ ಇದ್ದಾರೆ. ನಾವು ಸೌದೆಯೆಂದು ದಾಟಿಹೋದುದನ್ನು ಅವರು ಮನೆಗೆ ತಂದು ಹಾಡಿಸುತ್ತಾರೆ. ನಾವು ಕೆಡಿಸಿದಾಗ ನಮ್ಮ ಕೈಗೇ ದೀಪ ಕೊಟ್ಟು, ಹಿಡಿ ಎನ್ನುತ್ತಾರೆ. ಅವರ ಮೇಲಿನ ಹೊಟ್ಟೆಕಿಚ್ಚು ಆರುವಂಥದಲ್ಲ, ನನ್ನದೂ ಆರಿಲ್ಲ. ಈಗಲೂ ಅವರ ಮನೆಯಿಂದ ಹೊರಡುವಾಗ ಭಾವ ನನ್ನ ಬೆನ್ನನ್ನು ಗೆಣ್ಣಿನಿಂದ ಎರಡು ಸಲ ತಟ್ಟಿ, ತಲೆಯನ್ನು ಎಡಕ್ಕೆ ವಾಲಿಸುತ್ತಾರೆ. ನಾನೂ ಉಸಿರು ಬಿಗಿಹಿಡಿದು ನಿಲ್ಲುತ್ತೇನೆ. ಏನು ಕೇಳಿಸಿತೆಂದು ಅವರು ಈವರೆಗೂ ಹೇಳಿಲ್ಲ.